ನೀರು ಕೂತ ಹಲಗೆ

ಹಲಗೆಯಲ್ಲಿ ದೋಷವಿಲ್ಲ ಎಂದು ಯಂತ್ರ ಹೇಳಿತು. ಒಳಗೆ ಬಿಟ್ಟ ಮೀಥೇನಿನಲ್ಲಿ ಶೇಕಡಾ ತೊಂಬತ್ತೇಳು ಭಾಗ ಉರಿದುಹೋಗಿತ್ತು. ಹೊಸ ಹಲಗೆ ಕೂಡ ಅಷ್ಟೇ ಉರಿಸುತ್ತದೆ. ಪರದೆಯ ಮೇಲಿನ ಹಸಿರು ಗೆರೆ ಏರಿಳಿತವಿಲ್ಲದೆ ಓಡುತ್ತಿರುವುದನ್ನು ನೋಡಿ ಪ್ರಯೋಗಾಲಯದಲ್ಲಿದ್ದವರೆಲ್ಲ ನೆಮ್ಮದಿಯ ಉಸಿರುಬಿಟ್ಟರು.

"ನೋಡಿದೆಯೇನಮ್ಮ? ನಿನ್ನ ಹಲಗೆ ಏನೂ ತಪ್ಪು ಮಾಡಿಲ್ಲ" ಎಂದರು ದೇಶಿಕಾಚಾರ್. ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರು. ರೇವತಿ ಬಣಕಾರ ಕೆಲಸಕ್ಕೆ ಸೇರಿದಂದಿನಿಂದ ಅವಳಿಗೆ ಅವರೇ ಗುರು.

ರೇವತಿಗೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತಳು. ಯಾರೋ ತಂದುಕೊಟ್ಟ ಕಾಫಿಯನ್ನು ಅರ್ಧ ಕುಡಿದಿದ್ದಳು, ಅಷ್ಟರಲ್ಲಿ ಅವಳ ಕಣ್ಣು ಪಕ್ಕದ ಕುಲುಮೆಯ ಮೇಲೆ ಬಿತ್ತು. ಪರೀಕ್ಷೆಗೆ ಮುಂಚೆ ಪ್ರತಿ ಹಲಗೆಯನ್ನೂ ಆ ಕುಲುಮೆಯಲ್ಲಿಟ್ಟು, ಐನೂರೈವತ್ತು ಡಿಗ್ರಿಯ ಒಣಗಾಳಿಯಲ್ಲಿ ಕಾಯಿಸಬೇಕು. ಅದು ಇಲ್ಲಿಯ ನಿಯಮ. ಧೂಳು, ಜಿಡ್ಡು, ತೇವ ಯಾವುದೂ ಉಳಿಯದೆ ಎಲ್ಲ ಹಲಗೆಗಳನ್ನೂ ಒಂದೇ ಸಮನೆ ಅಳೆಯಬೇಕಲ್ಲ, ಅದಕ್ಕೆ. ಆ ನಿಯಮ ಮಾಡಿದವಳು ರೇವತಿಯೇ.

ಶಿಡ್ಲಘಟ್ಟದಿಂದ ಬಂದ ಈ ಹಲಗೆಯೂ ಬೆಳಿಗ್ಗೆ ಅದರಲ್ಲಿ ಕಾದು ಬಂದಿತ್ತು.

ಲೋಟವನ್ನು ಮೇಜಿನ ಮೇಲಿಟ್ಟು ಅವಳು ಹೊರಗೆ ಹೋದಳು.

ಊರುಗಳಲ್ಲಿ ಕಟ್ಟಿಗೆ ಸುಡುವುದನ್ನು ಸರ್ಕಾರ ನಿಷೇಧಿಸಿದ ಮೇಲೆ ಅತಿ ಹೆಚ್ಚು ತೊಂದರೆಗೆ ಸಿಕ್ಕವರು ರೇಷ್ಮೆ ನೂಲು ಬಿಚ್ಚುವವರು. ಗೂಡು ಬೇಯಬೇಕು, ಬೇಸಿನ್ನಿನ ನೀರು ದಿನವಿಡೀ ಬಿಸಿಯಾಗಿರಬೇಕು. ಕರೆಂಟಿನಲ್ಲಿ ಅದು ಗಿಟ್ಟುವುದಿಲ್ಲ. ಶಿಡ್ಲಘಟ್ಟದಲ್ಲಿ ಊರಿನ ಕಸ, ಚರಂಡಿ ನೀರು, ಗೂಡಿನೊಳಗಿನ ಸತ್ತ ಹುಳು ಎಲ್ಲವನ್ನೂ ದೊಡ್ಡ ತೊಟ್ಟಿಗಳಲ್ಲಿ ಕೊಳೆಸಿ ಮೀಥೇನ್ ತೆಗೆದು, ಕೊಳವೆಯಲ್ಲಿ ಬೀದಿಬೀದಿಗೆ ಹರಿಸುವ ಕೇಂದ್ರ ಶುರುವಾಯಿತು. ಆ ಅನಿಲಕ್ಕೆ ಹೊಂದುವ ಒಲೆ ಮಾಡಿಕೊಟ್ಟದ್ದು ರೇವತಿಯ ತಂಡ.

ಅದು ಬೆಂಕಿಯಿಲ್ಲದ ಒಲೆ. ಜೇನುಗೂಡಿನ ಹಾಗೆ ಸಾವಿರಾರು ಸಣ್ಣ ತೂತುಗಳಿದ್ದ ಪಿಂಗಾಣಿ ಹಲಗೆ; ತೂತುಗಳ ಒಳಮೈಗೆಲ್ಲ ಕಣ್ಣಿಗೆ ಕಾಣದಷ್ಟು ತೆಳುವಾಗಿ ಪಲ್ಲೇಡಿಯಂ ಲೇಪ. ಮೊದಲು ವಿದ್ಯುತ್ ಸುರುಳಿಯಿಂದ ಹಲಗೆಯನ್ನು ಕಾಯಿಸಿಕೊಂಡು ಅನಿಲ ಬಿಟ್ಟರೆ ಸಾಕು, ಆಮೇಲೆ ಮೀಥೇನ್ ಆ ಲೋಹದ ಮೇಲೆ ತಾನಾಗಿಯೇ ಉರಿಯುತ್ತದೆ. ಜ್ವಾಲೆಯಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಊರಿನವರು ಅದಕ್ಕೆ ಜೇನೊಲೆ ಎಂದು ಹೆಸರಿಟ್ಟರು. ಹಲಗೆ ತಣ್ಣಗಾದರೆ ಅನಿಲ ತಾನೇ ನಿಲ್ಲುವಂತೆ ಒಂದು ಕೀಲಿಯೂ ಇತ್ತು. ಅಡುಗೆ ಅನಿಲಕ್ಕೆ ಬೆರೆಸುವ ಕೆಟ್ಟ ವಾಸನೆಯ ಗಂಧಕವನ್ನು ಮಾತ್ರ ಇದಕ್ಕೆ ಬೆರೆಸಿರಲಿಲ್ಲ, ಏಕೆಂದರೆ ಗಂಧಕ ತಗುಲಿದರೆ ಪಲ್ಲೇಡಿಯಂ ಕೆಡುತ್ತದೆ. ಹಾಗಾಗಿ ಅನಿಲ ಸೋರಿದರೆ ಮೂಗಿಗೆ ಗೊತ್ತಾಗುತ್ತಿರಲಿಲ್ಲ. ಕೀಲಿ ಇದೆಯಲ್ಲ ಎಂದು ಎಲ್ಲರೂ ಧೈರ್ಯವಾಗಿದ್ದರು.

ಮಾಘದ ಚಳಿಯ ಒಂದು ಮಧ್ಯಾಹ್ನ ಜಿಲಾನಿ ಎಂಬುವರ ನೂಲು ಬಿಚ್ಚುವ ಘಟಕದಲ್ಲಿ ಸ್ಫೋಟವಾಯಿತು. ಊಟಕ್ಕೆ ಹೋದವರಲ್ಲಿ ಎಲ್ಲರಿಗಿಂತ ಮೊದಲು ವಾಪಸ್ಸು ಬಂದವಳು ಅಸ್ಮತ್. ಒಳಗೆ ಆವಿ ಕವಿದಿದ್ದರಿಂದ ಅದನ್ನು ಹೊರಗೆಳೆಯುವ ಫ್ಯಾನಿನ ಸ್ವಿಚ್ಚು ಹಾಕಿದಳು. ಸ್ವಿಚ್ಚಿನ ಕಿಡಿಗೆ ಚಾವಣಿಯ ಶೀಟುಗಳು ಹಾರಿಹೋದವು. ಅಸ್ಮತ್ ಉಳಿಯಲಿಲ್ಲ. ಅವಳಿಗೆ ಇಪ್ಪತ್ತೆರಡು ವರ್ಷ.

ಒಲೆಗಳ ಉಸ್ತುವಾರಿ ಪಿಳ್ಳಮ್ಮ ಎಂಬ ಹೆಂಗಸಿನದು. ಊಟದ ಹೊತ್ತಿಗೆ ಆಕೆ ಒಲೆಗಳನ್ನು ಆರಿಸಿ, ಆಮೇಲೆ, ಎಲ್ಲರೂ ವಾಪಸ್ಸು ಬರುವ ಹೊತ್ತಿಗೆ ನೀರು ಬಿಸಿಯಾಗಿರಲಿ ಎಂದು, ಹಲಗೆ ಕಾಯುವವರೆಗೂ ನಿಲ್ಲದೆ ತಣ್ಣಗಿನ ಹಲಗೆಗೇ ಅನಿಲ ಬಿಟ್ಟು ಹೋಗಿರಬೇಕು ಎಂದು ಕಂಪನಿಯವರು ಹೇಳಿದರು. ಹೊತ್ತಿಸುವಾಗ ಹಲಗೆ ಇನ್ನೂ ತಣ್ಣಗಿರುವುದರಿಂದ ಆ ವೇಳೆಯಲ್ಲಿ ಮಾತ್ರ ಕೀಲಿ ಬೀಳದಂತೆ ಮಾಡಿದ್ದರು. ಪೊಲೀಸರು ಪಿಳ್ಳಮ್ಮನನ್ನು ಕರೆದೊಯ್ದು, ಕೇಸು ಹಾಕಿ, ಜಾಮೀನಿನ ಮೇಲೆ ಬಿಟ್ಟಿದ್ದರು. ಆ ಘಟಕದ ಹಲಗೆಯ ಪರೀಕ್ಷೆಯೊಂದೇ ಬಾಕಿಯಿತ್ತು. ಈಗ ಅದೂ ಮುಗಿಯಿತು.

ಮನೆಯಲ್ಲಿ ಮಹಾಂತೇಶ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದ. ಅವನು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. ಗಂಡ ಹೆಂಡತಿ ಇಬ್ಬರೂ ದಾವಣಗೆರೆಯವರು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮನೆಯೊಳಗೆ ಅದೇ ಮಾತು.

"ಫೋನ್ ಮಾಡಿ ಹೇಳಿದ್ರು ದೇಶಿಕಾಚಾರ್ ಸರ್. ಎಲ್ಲಾ ಚಲೋ ಆತಂತಲ್ಲ" ಎಂದ. "ಇನ್ನಾದ್ರೂ ಸರಿಯಾಗಿ ಉಂಡು ಮಲಕ್ಕೋ ನೀನು. ಮಾರಿ ನೋಡ್ಕೊಂಡೀಯೇನು ಕನ್ನಡ್ಯಾಗ?"

ರೇವತಿ ತಟ್ಟೆಯ ಮುಂದೆ ಕೂತಳು. ಕೈ ಹಾಕಲಿಲ್ಲ.

"ಮಹಾಂತೇಶ, ಆ ಹಲಗೆ ಒಣಗಿಸಿಬಿಟ್ವಿ."

"ಅಂದ್ರೆ?"

"ನೀರು ಇತ್ತೋ ಇಲ್ಲೋ ಅಂತ ನೋಡಬೇಕಾಗಿತ್ತು. ನೋಡೋದಕ್ಕೆ ಮುಂಚೆನೇ ಕಾಯಿಸಿ ಒಣಗಿಸಿಬಿಟ್ವಿ. ಒಣಗಿದ್ ಮೇಲೆ ಅದು ಹೊಸಾದರ ಹಂಗ ಆಗತೈತಿ."

ಅವನಿಗೆ ಅರ್ಥವಾಗಲಿಲ್ಲ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬಸ್ಸಿನ ಸೀಟು ಇದ್ದಂಗ ಅಂತ ತಿಳ್ಕೋ. ಪಲ್ಲೇಡಿಯಂ ಮೇಲೆ ಇಂತಿಷ್ಟು ಸೀಟು. ಮೀಥೇನ್ ಬಂದು ಕೂತ್ರೆ ಮಾತ್ರ ಅದು ಉರಿಯೋದು. ಆದ್ರೆ ನೀರಿನ ಆವಿಗೂ ಅದೇ ಸೀಟು ಬೇಕು. ನೀರು ಬಂದು ಕೂತ್ರೆ ಸುಲಭಕ್ಕೆ ಏಳಂಗಿಲ್ಲ. ಹಲಗೆ ಐನೂರು ಡಿಗ್ರಿ ಮುಟ್ಟಿತು ಅಂದ್ರೆ ಎದ್ದು ಹೋಗತೈತಿ. ಮುನ್ನೂರು, ಮುನ್ನೂರೈವತ್ತರಾಗ ಇತ್ತು ಅಂದ್ರೆ ಕೂತೇ ಇರತೈತಿ. ಹೊಸಾ ಆವಿ ಬಂದು ಬಂದು ಉಳಿದ ಸೀಟೂ ತುಂಬತಾವು. ಆಗ ಮೀಥೇನ್ ನಿಂತ್ಕೊಂಡು ನಿಂತ್ಕೊಂಡು ಆ ಕಡೆಯಿಂದ ಹೊರಗ ಹೋಗಿಬಿಡತೈತಿ. ಉರಿಯದನೇ."

"ನೂಲು ತೆಗೆಯೋ ಜಾಗದಾಗ ಆವಿ ಬಿಟ್ರೆ ಮತ್ತೇನಿರತೈತಿ?" ಎಂದ ಮಹಾಂತೇಶ.

"ಹೌದು."

"ಇದು ಮೊದಲು ಗೊತ್ತಿರಲಿಲ್ಲೇನು ನಿಮಗ?"

ರೇವತಿಗೆ ಗೊತ್ತಿತ್ತು. ಒಲೆ ಮಾಡುವ ಕಾಲದಲ್ಲೇ ಅವಳು ಅನಿಲದ ಜೊತೆ ಆವಿ ಬೆರೆಸಿ ನೋಡಿದ್ದಳು. ಹಲಗೆ ಗಂಟೆಗಂಟೆಗೆ ಸೋಲುತ್ತಾ ಬಂದಿತ್ತು. ಆಮೇಲೆ ಕುಲುಮೆಯಲ್ಲಿಟ್ಟು ಕಾಯಿಸಿದಾಗ ಪೂರಾ ಚೇತರಿಸಿಕೊಂಡಿತ್ತು. ಸಭೆಯಲ್ಲಿ ಅವಳು ಎದ್ದು ನಿಂತು, "ತೇವದ ಪರಿಣಾಮ ತಾತ್ಕಾಲಿಕ, ಒಣಗಿಸಿದರೆ ಸರಿಹೋಗುತ್ತದೆ" ಎಂದಿದ್ದಳು. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ. ಎಲ್ಲರೂ ಸಂತೋಷಪಟ್ಟರು. ನೂಲು ಬಿಚ್ಚುವ ಮನೆಯಲ್ಲಿ ಅದನ್ನು ಒಣಗಿಸುವವರು ಯಾರು ಎಂದು ಒಬ್ಬರೂ ಕೇಳಲಿಲ್ಲ.

ಆ ಸಭೆಯ ದಿನ ಸಂಜೆ ಮನೆಗೆ ಬರುವಾಗ ಆ ಪ್ರಶ್ನೆ ಅವಳ ತಲೆಯಲ್ಲಿ ಒಮ್ಮೆ ಸುಳಿದಿತ್ತು. ಒಲೆ ಪೂರ್ತಿ ಉರಿಯುವಾಗ ಹಲಗೆ ಐನೂರರ ಮೇಲೇ ಇರುತ್ತದೆ, ತಾನಾಗಿಯೇ ಒಣಗಿಕೊಳ್ಳುತ್ತದೆ ಎಂದು ತನಗೆ ತಾನೇ ಉತ್ತರ ಹೇಳಿಕೊಂಡಿದ್ದಳು. ಒಲೆಯನ್ನು ಯಾರೂ ಸಣ್ಣ ಮಾಡುವುದೇ ಇಲ್ಲವೇ ಎಂದು ಮುಂದಕ್ಕೆ ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಆ ವಾರ ಒಲೆಯನ್ನು ಊರಿಗೆ ಕಳಿಸುವ ಗಡಿಬಿಡಿ ಇತ್ತು.

"ಒಂದು ಸಲ ಅನ್ನಿಸಿತ್ತು" ಎಂದಳು ಗಂಡನಿಗೆ. "ಅನ್ನಿಸಿದ್ದನ್ನ ಬಿಟ್ಟುಬಿಟ್ಟೆ."

ಮಹಾಂತೇಶ ಅಡುಗೆಮನೆಗೆ ಹೋಗಿ ಬಾಣಲೆ ಇಳಿಸಿ ಬಂದು ಅವಳ ಎದುರಿಗೆ ಕೂತ. "ಹೇಳಿದ್ರೆ ನಿನ್ನ ಗತಿ ಏನಾಗತೈತಿ?"

"ಗೊತ್ತಿಲ್ಲ."

"ಹೇಳದಿದ್ರೆ?"

"ಆ ಹೆಂಗಸು ಜೈಲಿಗೆ ಹೋಗ್ತಾಳೆ. ಊರಾಗ ಉಳಿದ ಒಲೆ ಹಂಗೇ ಉರೀತಾ ಇರತಾವು."

ಅವನು ತಟ್ಟೆಯನ್ನು ಮತ್ತೆ ಅವಳ ಮುಂದೆ ಎಳೆದಿಟ್ಟ. ಅವನಿಗೂ ಭಯವಾಗಿದೆ ಎಂದು ಅವಳಿಗೆ ತಿಳಿಯಿತು.

ಮರುದಿನ ಅವಳು ಅದೇ ಹಲಗೆಯನ್ನು ಮತ್ತೆ ಯಂತ್ರಕ್ಕೆ ಹಾಕಿದಳು. ಈ ಸಲ ಅನಿಲದ ಜೊತೆಗೆ ಆವಿಯನ್ನೂ ಬಿಟ್ಟಳು, ನೂಲು ಬಿಚ್ಚುವ ಮುಚ್ಚಿದ ಕೋಣೆಯಲ್ಲಿ ಇರುವಷ್ಟು. ಮೊದಮೊದಲು ಹಸಿರು ಗೆರೆ ಅಲುಗಲಿಲ್ಲ. ಹಾಗೇ ಇದ್ದುಬಿಡಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಅಷ್ಟರಮಟ್ಟಿಗೆ ಅವಳಲ್ಲಿ ಇನ್ನೂ ಆಸೆಯಿತ್ತು. ಆಮೇಲೆ ಗೆರೆ ಬಾಗಿತು. ತೊಂಬತ್ತು. ಎಂಬತ್ತು. ಊಟದ ಹೊತ್ತಿಗೆ ಅರವತ್ತು; ಪೂರ್ತಿ ಉರಿಯಲ್ಲೂ ಹಲಗೆ ಐನೂರರ ಮೇಲೆ ನಿಲ್ಲಲಿಲ್ಲ. ಒಲೆಯನ್ನು ಸಣ್ಣ ಮಾಡಿದಂತೆ ಅನಿಲವನ್ನು ತಗ್ಗಿಸಿದ ಮೇಲೆ ಗೆರೆ ಇನ್ನೂ ಕೆಳಗೆ ಜಾರಿ ನಲವತ್ತರ ಹತ್ತಿರ ನಿಂತಿತು. ಅಂದರೆ ಒಳಗೆ ಹೋದ ಮೀಥೇನಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೆಯೇ ಹೊರಬರುತ್ತಿತ್ತು.

ಅವಳು ಹಲಗೆಯ ಬಿಸಿಯನ್ನು ನೋಡಿದಳು. ಮುನ್ನೂರಮೂವತ್ತು. ಅನಿಲ ನಿಲ್ಲಿಸುವ ಕೀಲಿ ಬೀಳುವುದು ಇನ್ನೂರೈವತ್ತಕ್ಕೆ. ಹಲಗೆ ಪೂರ್ತಿ ಸತ್ತಿದ್ದರೆ ಕೀಲಿ ಬಿದ್ದು ಎಲ್ಲರೂ ಬದುಕುತ್ತಿದ್ದರು. ಅರ್ಧ ಜೀವ ಇಟ್ಟುಕೊಂಡು, ಕೈ ಇಟ್ಟರೆ ಸುಡುವಷ್ಟು ಬಿಸಿಯಾಗಿದ್ದುಕೊಂಡೇ ಅದು ಸೋರುತ್ತಿತ್ತು. ನೋಡುವವರಿಗೆ ಒಲೆ ಚೆನ್ನಾಗಿ ಉರಿಯುತ್ತಿದೆ ಎಂದೇ ಕಾಣಬೇಕು.

ದೇಶಿಕಾಚಾರ್ ಬಂದು ಗೆರೆಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ಇದನ್ನ ಬುಧವಾರ ಮೇಲಿನವರ ಸಭೆಗೆ ಇಡೋಣ" ಎಂದರು ಕೊನೆಗೆ.

"ಅಲ್ಲೀವರೆಗೂ ಊರಲ್ಲಿರೋ ಒಲೆಗಳು, ಸರ್?"

"ಕಿಟಕಿ ತೆಗೆದಿಡಿ ಅಂತ ಎಲ್ಲರ ಫೋನಿಗೂ ಹೇಳಿಕಳಿಸೋಣ."

"ತಣ್ಣನೆ ಗಾಳಿ ಬಿದ್ರೆ ಎಳೆ ಕಡಿಯುತ್ತೆ. ಈ ಚಳಿಯಲ್ಲಿ ಅವರು ತೆಗೆಯಲ್ಲ."

"ರೇವತಿ, ಸುಮ್ಮನೆ ಎಲ್ಲಾ ನಿನ್ನ ತಲೆ ಮೇಲೆ ಹಾಕ್ಕೋಬೇಡ. ತಾತ್ಕಾಲಿಕ ಅಂತ ನೀನು ಅಂದಾಗ ನಾನೂ ಅಲ್ಲೇ ಕೂತಿದ್ದೆ. ನೀನು ಸುಳ್ಳು ಹೇಳಿರಲಿಲ್ಲ." ಕನ್ನಡಕವನ್ನು ಜೇಬಿಗೆ ಸೇರಿಸಿ, "ಅಲ್ಲದೆ, ಆ ಹೆಂಗಸು ಒಪ್ಪಿಕೊಂಡುಬಿಟ್ಟಿದ್ದಾಳಂತೆ" ಎಂದರು.

"ಏನಂತ?"

"ತಾನೇ ಮಾಡಿದ್ದು ಅಂತ."

ರೇವತಿ ಎದ್ದಳು. ಪಟ್ಟಿಯಿಂದ ಹೆಗಲಿಗೆ ತೂಗುಹಾಕಿಕೊಳ್ಳುವ ಸಣ್ಣ ಅನಿಲಮಾಪಕವನ್ನು ಕಪಾಟಿನಿಂದ ತೆಗೆದುಕೊಂಡಳು. ದೇಶಿಕಾಚಾರ್ ಅವಳ ಹೆಸರು ಹಿಡಿದು ಒಮ್ಮೆ ಕರೆದರು. ಬಾಗಿಲಿಗೆ ಅಡ್ಡ ಬರಲಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವಳು ಮೊದಲು ಹೊಕ್ಕದ್ದು ಚಾಂದ್ ಪಾಷ ಎಂಬುವರ ಘಟಕ. ಬಾಗಿಲು ತಳ್ಳಿದೊಡನೆ ಬೆಂದ ಹುಳುವಿನ ವಾಸನೆಯೂ ಬಿಸಿ ಆವಿಯೂ ಮುಖಕ್ಕೆ ಬಡಿದವು. ಕಿಟಕಿಗಳಿಗೆ ಗೋಣಿಚೀಲ ಕಟ್ಟಿದ್ದರು. ಸಾಲು ಬೇಸಿನ್ನುಗಳ ಮುಂದೆ ಹೆಂಗಸರು ಕೂತು ಬಿಸಿನೀರಿನಲ್ಲಿ ಕೈಯಾಡಿಸುತ್ತಾ ಎಳೆ ಹುಡುಕಿ ಕೊಡುತ್ತಿದ್ದರು. ಎದುರಿಗೆ ರಾಟೆಗಳು ತಿರುಗುತ್ತಿದ್ದವು.

ಹೋದ ವರ್ಷ ಒಲೆ ಕೂರಿಸುವಾಗ ಅವಳು ಜಿಲಾನಿಯವರಲ್ಲಿಗೆ ಬಂದಿದ್ದಳು. ಬಿರುಬೇಸಿಗೆ, ಬಾಗಿಲು ಕಿಟಕಿ ಎಲ್ಲ ಹಾರುಹೊಡೆದಿದ್ದವು. ಅವತ್ತು ಅಸ್ಮತ್ ತನ್ನ ಕಣ್ಣನ್ನು ಅರಳಿಸಿ ತೋರಿಸಿ, "ನೋಡಿ ಮೇಡಮ್, ಹೊಗೆ ಹೋಯ್ತು, ಕೆಂಪಗಿಲ್ಲ! ಮನೆಗೋದ್ರೆ ನಮ್ಮಮ್ಮ ಕೆಲಸಕ್ಕೇ ಹೋಗಿಲ್ವೇನೇ ಅಂತಾಳೆ" ಎಂದು ನಕ್ಕಿದ್ದಳು. ಆ ನಗು ನೆನಪಾಗಿ ರೇವತಿಗೆ ಅಲ್ಲಿ ನಿಲ್ಲುವುದೇ ಕಷ್ಟವಾಯಿತು.

ಅವಳು ಸ್ಟೂಲು ಹತ್ತಿ ಮಾಪಕವನ್ನು ಮೇಲಿನ ಶೀಟಿನ ಹತ್ತಿರ ಹಿಡಿದಳು. ಮೀಥೇನ್ ಗಾಳಿಗಿಂತ ಹಗುರ, ಮೇಲೇ ಸೇರುತ್ತದೆ. ಮಾಪಕ ಕಿರುಚಿತು.

"ಏನ್ರಮ್ಮ ಅದು?" ಎಂದು ಚಾಂದ್ ಪಾಷ ಓಡಿಬಂದರು.

"ಎಲ್ಲರೂ ಆಚೆಗೆ ಹೋಗಿ. ಸ್ವಿಚ್ಚು ಮುಟ್ಟಬೇಡಿ, ರಾಟೇದೂ ಬೇಡ, ಹಂಗೇ ತಿರುಗ್ತಿರಲಿ. ಆ ಗೋಣಿ ಕಿತ್ತುಹಾಕಿ."

"ಗೂಡು ಬೇಯ್ತಾ ಐತೆ! ಎಲ್ಲಾ ಹಾಳಾಗೋಯ್ತದೆ."

"ಪಾಷಣ್ಣ, ಅಸ್ಮತ್ ಸತ್ತಿದ್ದು ಹಿಂಗೇನೇ. ದಯವಿಟ್ಟು."

ಆ ಹೆಸರು ಕೇಳಿದ್ದೇ ತಡ, ಹೆಂಗಸರು ಎದ್ದು ಒಬ್ಬರ ಹಿಂದೊಬ್ಬರು ಬೀದಿಗೆ ಓಡಿದರು.

ಅವಳು ಅಲ್ಲಿಂದ ನೇರವಾಗಿ ಊರಾಚೆಯ ಅನಿಲ ಕೇಂದ್ರಕ್ಕೆ ಹೋದಳು. ನಿಯಂತ್ರಣ ಕೊಠಡಿಯ ಗೋಡೆ ತುಂಬ ಒಂದು ಪರದೆ; ಅದರ ಮೇಲೆ ಬೀದಿಬೀದಿಯ ಕೊಳವೆಗಳು, ಯಾವ ಘಟಕಕ್ಕೆ ಎಷ್ಟು ಅನಿಲ ಹೋಗುತ್ತಿದೆ ಎಂಬ ಲೆಕ್ಕ. ಪಾಳಿಯಲ್ಲಿದ್ದವನು ಸೊಣ್ಣೇಗೌಡ ಎಂಬ ಮಧ್ಯವಯಸ್ಸಿನ ಮನುಷ್ಯ.

"ಇಡೀ ಊರಿಗೆ ನಿಲ್ಸದಾ?" ಎಂದು ಕುರ್ಚಿಯಿಂದ ಎದ್ದುಬಿಟ್ಟ. "ಯಾರಮ್ಮ ನೀವು? ನಾಳೆ ನೂಲು ಬಿಚ್ಚೋ ರೀಲರ್‌ಗಳೆಲ್ಲ ಬಂದು ನನ್ನ ಹಿಡ್ಕೊಂಡ್ರೆ ನಾನೇನ್ ಹೇಳ್ಲಿ?"

"ಒಲೆ ಸರಿ ಇಲ್ಲ ಅಂತ ಒಲೆ ಮಾಡಿದವಳೇ ಬಂದು ಹೇಳಿದ್ಲು ಅನ್ನಿ."

ಅವನು ಅವಳನ್ನೇ ದಿಟ್ಟಿಸಿ ನೋಡಿದ. ಅವಳು ಮಾಪಕದಲ್ಲಿ ಉಳಿದಿದ್ದ ಅಂಕಿಯನ್ನು ತೋರಿಸಿ, ಎಲ್ಲಿ ಹೇಗೆ ಅಳೆದೆ ಎಂದು ವಿವರಿಸಿದಳು. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳಿಚಿಕೊಂಡಿತು. ಅವನ ತಂಗಿಯೂ ಒಂದು ಘಟಕದಲ್ಲಿ ಕೂರುತ್ತಿದ್ದಳಂತೆ. ಮತ್ತೇನೂ ಕೇಳದೆ ಕೀಲಿಮಣೆಯ ಮುಂದೆ ಕೂತ. ಪರದೆಯ ಮೇಲಿನ ಗೆರೆಗಳು ಬೀದಿಯ ನಂತರ ಬೀದಿಯಾಗಿ ಮಂಕಾದವು.

"ಇನ್ನೊಂದು ನೋಡಬೇಕಿತ್ತು" ಎಂದಳು ರೇವತಿ. "ಜಿಲಾನಿಯವರ ಘಟಕಕ್ಕೆ ಆವತ್ತು ಮಧ್ಯಾಹ್ನ ಎಷ್ಟು ಅನಿಲ ಹೋಗಿತ್ತು ಅಂತ ಸಿಗುತ್ತಾ?"

ಸಿಕ್ಕಿತು. ಆ ದಿನ ಬೆಳಿಗ್ಗೆ ಒಲೆ ಹೊತ್ತಿದಾಗಿನಿಂದ ಹರಿವು ಒಮ್ಮೆಯೂ ನಿಂತಿರಲಿಲ್ಲ. ಊಟದ ಹೊತ್ತಿಗೆ ಕಡಿಮೆಯಾಗಿ, ಹಾಗೆ ಕಡಿಮೆಯಾಗಿಯೇ ಉಳಿದಿತ್ತು, ಸ್ಫೋಟವಾಗುವವರೆಗೂ. ಪಿಳ್ಳಮ್ಮ ಒಲೆಗಳನ್ನು ಆರಿಸಿಯೂ ಇರಲಿಲ್ಲ, ಮತ್ತೆ ಹೊತ್ತಿಸಿಯೂ ಇರಲಿಲ್ಲ. ಎಂದಿನಂತೆ ಸಣ್ಣ ಮಾಡಿ ಊಟಕ್ಕೆ ಹೋಗಿದ್ದಳು, ಅಷ್ಟೇ.

"ಇದನ್ನ ಯಾರೂ ಬಂದು ಕೇಳಲಿಲ್ವಾ?"

"ನೀವೇ ಮೊದಲು ಕೇಳಿದ್ದು" ಎಂದ ಸೊಣ್ಣೇಗೌಡ.

ಅವಳು ವಾಪಸ್ಸು ಬರುವ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದ್ದರು. ಅರೆಬೆಂದ ಗೂಡನ್ನು ಬುಟ್ಟಿಯಲ್ಲಿ ತಂದು ಅವಳ ಕಾಲ ಬಳಿ ಸುರಿದವರೊಬ್ಬರು, "ತಗೊಳ್ಳಿ, ತಿನ್ನಿ" ಎಂದರು. "ಕಟ್ಟಿಗೆ ಬ್ಯಾಡ ಅಂದ್ರಿ, ಒಲೆ ತಂದ್ಕೊಟ್ರಿ, ಈಗ ಒಲೇನೂ ಬ್ಯಾಡ ಅಂತೀರ. ನಾವೇನ್ ಮಾಡ್ಬೇಕು?" ಎಂದು ಇನ್ನೊಬ್ಬರು ಕೇಳಿದರು. ಅವಳು ತಪ್ಪಾಯಿತು ಎಂದಳು. ಯಾರಿಗೂ ಕೇಳಿಸಿದಂತೆ ಕಾಣಲಿಲ್ಲ. ಪಿಳ್ಳಮ್ಮನ ಮನೆ ಯಾವುದು ಎಂದು ವಿಚಾರಿಸಿಕೊಂಡು ಅವಳು ಆ ಕಡೆ ನಡೆದಳು.

ಗಲ್ಲಿಯ ಕೊನೆಯಲ್ಲಿ ಒಂದು ಕೋಣೆಯ ಮನೆ. ಐವತ್ತು ದಾಟಿದ ಹೆಂಗಸು ಒಳಗೆ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಬೆರಳುಗಳ ತುದಿ ಬಿಸಿನೀರಿಗೆ ಬೆಂದು ಬೆಂದು ಬೆಳ್ಳಗೆ ಸುಕ್ಕಾಗಿದ್ದವು.

"ಯಾರಮ್ಮ?"

"ನಾನು ರೇವತಿ ಅಂತ. ಆ ಒಲೆ ಮಾಡಿದವಳು."

ಪಿಳ್ಳಮ್ಮ ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡಳು. "ನಿಮ್ಮ ಒಲೆಗೆ ಕೆಟ್ಟ ಹೆಸ್ರು ತಂದ್ಬುಟ್ಟೆ ಕಣಮ್ಮ" ಎಂದಳು. "ಎಂಥಾ ಒಲೆ! ಹೊಗೆ ಇಲ್ದಂಗೆ ಒಂದೊರ್ಸ ನೆಮ್ಮದಿಯಾಗಿದ್ವಿ. ನನ್ ಕೈಯಿಂದ ಹಿಂಗಾಗೋಯ್ತು. ನಿಮ್ಗೂ ತೊಂದ್ರೆ ಕೊಟ್ಟೆ."

ಬೈಗುಳಕ್ಕೆ, ಅಳುವಿಗೆ, ಎರಡಕ್ಕೂ ರೇವತಿ ತಯಾರಾಗಿ ಬಂದಿದ್ದಳು. ಇದಕ್ಕೆ ತಯಾರಾಗಿರಲಿಲ್ಲ.

"ಪಿಳ್ಳಮ್ಮನವರೇ, ಆವತ್ತು ನೀವು ಏನು ಮಾಡಿದ್ರಿ?"

"ಸಣ್ಣ ಮಾಡಿದ್ದೆ ಅಂತ ನೆಪ್ಪು. ಪೊಲೀಸ್ರು ಕೇಳಿದ್ರು, ಕಂಪನಿಯೋರು ಕೇಳಿದ್ರು, ಆರ್ಸಿ ತಿರ್ಗಾ ಬಿಟ್ಟಿದ್ದೀಯ ಅಂದ್ರು. ಓದಿರೋರು ಎಲ್ರೂ ಹಂಗೇ ಅಂದ್ರೆ? ನಂಗೂ ಈಗ ಹಂಗೇ ಕಾಣ್ತೈತೆ. ಕಣ್ ಮುಚ್ಚಿದ್ರೆ ನನ್ ಕೈ ತಿರ್ಗ್ಸೋದೇ ಕಾಣ್ತೈತೆ." ಆಕೆಯ ಕೈ ಗಾಳಿಯಲ್ಲಿ ತಿರುಗಿತು. "ಆ ಮಗು ನನ್ ಜೊತೇಲೇ ಕೆಲ್ಸ ಕಲ್ತಿದ್ದು."

ರೇವತಿ ನೆಲದ ಮೇಲೆ ಕೂತಳು. ಹೇಳಬೇಕಾದದ್ದನ್ನು ಹೇಳಿದಳು. ನೀರು ಹಲಗೆಯ ಮೇಲೆ ಕೂರುವುದು, ಕೂತ ಮೇಲೆ ಅನಿಲ ಉರಿಯದೆ ಹಾಗೇ ಸೋರುವುದು, ಹಲಗೆ ಬಿಸಿಯಾಗಿಯೇ ಇರುವುದರಿಂದ ಕೀಲಿ ಬೀಳದಿರುವುದು, ಆಮೇಲೆ ತಾವು ಅದನ್ನು ಒಯ್ದು ಒಣಗಿಸಿ ನೋಡಿದ್ದು.

"ಹಂಗಾದ್ರೆ ನಾನು ಸಣ್ಣ ಮಾಡಿದ್ದು ನಿಜಾನಾ?"

"ನಿಜ. ಈಗ ಕೇಂದ್ರದಲ್ಲಿ ನೋಡ್ಕೊಂಡು ಬಂದೆ. ನೀವು ಆರಿಸಲೇ ಇಲ್ಲ."

"ಇನ್ನೊಂದ್ಸಲ ಹೇಳಮ್ಮ."

"ನೀವು ಆರಿಸಲಿಲ್ಲ. ಏನು ಮಾಡಬೇಕಿತ್ತೋ ಅದನ್ನೇ ಮಾಡಿದ್ರಿ. ತಪ್ಪು ಒಲೇದು. ಒಲೆ ಮಾಡಿದವಳದು."

ಪಿಳ್ಳಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಾ ಕೂತಳು. ಸಮಾಧಾನವಾದಂತೆ ಕಾಣಲಿಲ್ಲ. ಸಿಟ್ಟೂ ಕಾಣಲಿಲ್ಲ. ಕೊನೆಗೆ ಗೋಡೆ ಹಿಡಿದು ಎದ್ದಳು.

"ಬಾ. ಜೈತುನ್‌ಗೆ ಹೇಳು."

"ಯಾರು?"

"ಅಸ್ಮತ್ ಅವರಮ್ಮ. ಆ ಮೂಲೆ ಮನೆ. ನಾನ್ ಹೇಳಿದ್ರೆ ತಪ್ಪಿಸ್ಕೊಳ್ಳಾಕೆ ಹೇಳ್ತಾಳೆ ಅಂದ್ಕೋತಾಳೆ. ನೀನೇ ಹೇಳು."

ಜೈತುನ್‌ಬಿ ಹೊಸ್ತಿಲಲ್ಲಿ ನಿಂತೇ ಕೇಳಿದಳು. ಪಿಳ್ಳಮ್ಮ ಗಲ್ಲಿಯ ಆ ಬದಿಯಲ್ಲೇ ನಿಂತುಕೊಂಡಳು, ಹತ್ತಿರ ಬರಲಿಲ್ಲ. ಒಂದು ಸಲ ಹೇಳಿ ಬಂದಿದ್ದರೂ ರೇವತಿಗೆ ಇಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಸೀಟು, ಆವಿ, ಡಿಗ್ರಿ ಎಲ್ಲವೂ ಸಣ್ಣ ಮಾತುಗಳಾಗಿ ಕಂಡವು. ಅವನ್ನೆಲ್ಲ ಬಿಟ್ಟು, "ಒಲೆಯಿಂದ ಅನಿಲ ಸೋರಿತ್ತು. ಪಿಳ್ಳಮ್ಮನವರ ತಪ್ಪಿಲ್ಲ" ಎಂದಳು.

ಜೈತುನ್‌ಬಿ ತಲೆ ಮೇಲಿನ ದುಪಟ್ಟಾವನ್ನು ಎಳೆದುಕೊಂಡಳು. "ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಹಾಗೆಂದಿದ್ದರೂ ಪಿಳ್ಳಮ್ಮನ ಮೇಲಿನ ಆರೋಪ ಹೇಗೂ ಹೋಗುತ್ತಿತ್ತು.

"ಹಿಂಗಾಗಬಹುದು ಅಂತ ಒಂದು ಸಲ ಮನಸ್ಸಿಗೆ ಬಂದಿತ್ತು. ನಾನು ಆಮೇಲೆ ಅದನ್ನ ವಿಚಾರ ಮಾಡಲೇ ಇಲ್ಲ."

ಜೈತುನ್‌ಬಿ ಅವಳನ್ನು ನೋಡಿದಳು. ಆ ನೋಟದಲ್ಲಿ ಶಾಪವಿತ್ತೋ ಇನ್ನೇನಿತ್ತೋ ರೇವತಿಗೆ ತಿಳಿಯಲಿಲ್ಲ. ತಿಳಿಯುವಷ್ಟು ಹೊತ್ತು ಅವಳು ಕಣ್ಣೆತ್ತಿ ನಿಲ್ಲಲಾರದೆ ಹೋದಳು. ಆಮೇಲೆ ಜೈತುನ್‌ಬಿ ಅವಳ ಪಕ್ಕದಿಂದಲೇ ಹಾದು ಗಲ್ಲಿ ದಾಟಿಹೋಗಿ, ಆ ಬದಿಯಲ್ಲಿ ನಿಂತಿದ್ದವಳ ಕೈ ಹಿಡಿದಳು.

"ಪಿಳ್ಳಮ್ಮಕ್ಕ, ಒಳಗ್ ಬಾ."

"ನಾನು ಮಣ್ಣಿಗೂ ಬರ್ಲಿಲ್ಲ ಕಣೇ" ಎಂದಳು ಪಿಳ್ಳಮ್ಮ. "ಯಾವ ಮುಖ ಇಟ್ಕೊಂಡ್ ಬರ್ಲಿ ಅಂತ ಬರ್ಲಿಲ್ಲ."

"ಬರಬ್ಯಾಡ ಅಂದಿದ್ದು ನಾನೇ. ಈಗ ಬಾ."

ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ರೇವತಿಯನ್ನು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಆಮೇಲೆ ಒಳಗೆ ಒಬ್ಬರು ಅತ್ತರು, ಅದರ ಹಿಂದೆಯೇ ಇನ್ನೊಬ್ಬರು.

ಗಲ್ಲಿಯ ಆ ತುದಿಯಲ್ಲಿ ಯಾರೋ ನಿಷೇಧವನ್ನು ಲೆಕ್ಕಿಸದೆ ಹಳೆಯ ಒಲೆಗೆ ಕಟ್ಟಿಗೆ ಹಾಕಿದ್ದರು. ಬೆಂದ ಗೂಡನ್ನು ಉಳಿಸಿಕೊಳ್ಳಬೇಕಲ್ಲ. ಹೊಗೆ ಗೋಡೆಗಳ ನಡುವೆ ತೆವಳುತ್ತಾ ಬಂತು. ಒಂದು ವರ್ಷ ಹೊಗೆ ಕಾಣದಿದ್ದ ಹೆಂಗಸರು ಕೆಮ್ಮುತ್ತಿರುವುದು ಕೇಳಿಸುತ್ತಿತ್ತು.

ರೇವತಿ ಫೋನು ತೆಗೆದು ಕೇಸಿನ ತನಿಖಾಧಿಕಾರಿಗೆ ಕರೆ ಮಾಡಿದಳು. ಹಲಗೆಯಲ್ಲಿ ದೋಷವಿಲ್ಲವೆಂಬ ಕಂಪನಿಯ ಮಾತು ಅವರಿಗಾಗಲೇ ತಲುಪಿತ್ತು. ಅದು ತಪ್ಪು ಎಂದಳು.

"ಅಂದ್ರೆ ಆ ಪಿಳ್ಳಮ್ಮ ಅನ್ನೋಳ ಪಾತ್ರ ಏನೂ ಇ‌ಲ್ಲ ಅಂತೀರಾ?"

"ಇಲ್ಲ ಸರ್."

"ಹಂಗಾದ್ರೆ ಯಾರದು?"

ಹೊಗೆಗೆ ಅವಳ ಕಣ್ಣು ಉರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಬರ್ಕೊಳ್ಳಿ" ಎಂದು, ತನ್ನ ಹೆಸರನ್ನು ಅವರಿಗೆ ಬಿಡಿಸಿ ಹೇಳಿದಳು.